ಬಾಗಿಲು ಮಲ್ಕೊಂಡಿತ್ತು

ನಮ್ಮ ಮಲಗುವ ಕೋಣೆಯ ಅಗಲ 10 ಅಡಿ. ಮಂಚದ ಉದ್ದ ಆರೂವರೆ ಅಡಿ. ಇಷ್ಟು ಗೊತ್ತಿದ್ದರೆ ಸಾಕು, ಮುಂದೆ ನಡೆದ ಅನಾಹುತವನ್ನೆಲ್ಲ ಏಳನೇ ಕ್ಲಾಸಿನ ಹುಡುಗನೊಬ್ಬ ಲೆಕ್ಕ ಹಾಕಿ ಮೊದಲೇ ಹೇಳಿಬಿಡುತ್ತಿದ್ದ. ನಾನು ಏಳನೇ ಕ್ಲಾಸಿನ ಹುಡುಗನಲ್ಲ. ಪಿಯುಸಿ ಮಕ್ಕಳಿಗೆ 22 ವರ್ಷದಿಂದ ಗಣಿತ ಪಾಠ ಮಾಡುತ್ತಿರುವವನು. ಆದ್ದರಿಂದ ನನಗೆ ಹೊಳೆಯಲಿಲ್ಲ.

ಕೆಂಗೇರಿ ಕಡೆ ಒಂದು ಫ್ಲ್ಯಾಟು ಕೊಂಡೆವು. ಕಾರ್ತಿಕದಲ್ಲಿ ಗೃಹಪ್ರವೇಶ ಅಂತ ಗೊತ್ತಾಯಿತು. ಮರಗೆಲಸಕ್ಕೆ ಆಚಾರ್ರು ಬಂದರು. ಅರವತ್ತು ದಾಟಿದವರು, ಕಿವಿಯಲ್ಲಿ ಪೆನ್ಸಿಲ್ಲು, ಸೊಂಟದಲ್ಲಿ ಟೇಪು, ಬಾಯಲ್ಲಿ ಅಡಿಕೆ. ಮಾತು ಕಡಿಮೆ. ಅಳತೆ ಹಿಡಿದು, "ಮಾಮೂಲಿ ಬಾಗಿಲು ಹಾಕೋಣ ಮೇಷ್ಟ್ರೇ, ಕೀಲಿಂದು. ನಾಲ್ಕು ಪಾಲು ಮಾಡಿದ್ರೆ ಒಂದೊಂದೂ ಚಿಕ್ಕದಾಗತ್ತೆ, ಮಂಚಕ್ಕೆ ತಗುಲಲ್ಲ" ಅಂದರು.

ಆಗ ನಾನು ಗ್ರಾಫ್ ಹಾಳೆ ತೆಗೆದೆ.

ನನ್ನ ಇಡೀ ಜೀವನದ ಕಷ್ಟಗಳನ್ನು ಪಟ್ಟಿ ಮಾಡಿದರೆ ಅರ್ಧಕ್ಕರ್ಧ ಈ ವಾಕ್ಯದಿಂದಲೇ ಶುರುವಾಗುತ್ತವೆ. ಹಾಳೆಯ ಮೇಲೆ ಕೋಣೆ ಬರೆದೆ, ಮಂಚ ಬರೆದೆ, ವಾರ್ಡ್‌ರೋಬು ಬರೆದೆ. ಸ್ಲೈಡಿಂಗ್ ವಾರ್ಡ್‌ರೋಬಿಗೆ ಎರಡು ಹಳಿ ಬೇಕು, ಒಂದರ ಹಿಂದೆ ಒಂದು. ಹಾಗಾಗಿ ಅದರ ಆಳ 2 ಅಡಿಯ ಬದಲು ಎರಡೂಕಾಲು ಆಗುತ್ತದೆ. ಎರಡೂಕಾಲಿಗೆ ಆರೂವರೆ ಕೂಡಿಸಿದರೆ ಎಂಟೂಮುಕ್ಕಾಲು. ಹತ್ತರಲ್ಲಿ ಕಳೆದರೆ ಉಳಿಯುವುದು ಒಂದೂಕಾಲು ಅಡಿ, ಅಂದರೆ 15 ಅಂಗುಲ. ಅಲ್ಲಿ ಮನುಷ್ಯ ನಿಲ್ಲಬಹುದು, ಉಸಿರು ಒಳಗೆಳೆದುಕೊಂಡು. ಬಾಗಿಲು ಹೊರಕ್ಕೆ ತೆರೆಯುವ ಮಾತೇ ಇಲ್ಲ. "ನೋಡಿ ಆಚಾರ್ರೇ, ಗಣಿತ ಸುಳ್ಳು ಹೇಳಲ್ಲ" ಅಂದೆ.

ಆಚಾರ್ರು ಹಾಳೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗೆ ನೋಡಿದರು. "ಅದೇನೋ ಸರಿ. ನಡುವೆ ಇದೇನು ಚೌಕ?" ಅಂದರು.

ಅದು ಡ್ರಾಯರು. ಒಂದೂವರೆ ಅಡಿ ಅಗಲದ್ದು. ವಾರ್ಡ್‌ರೋಬಿನ ಎಡಭಾಗ ನನ್ನದು, ಬಲಭಾಗ ಹೆಂಡತಿಯದು, ನಟ್ಟನಡುವೆ ಇಬ್ಬರಿಗೂ ಸೇರಿದ ಒಂದು ಡ್ರಾಯರು. ಒಡವೆ, ಎಲ್‌ಐಸಿ ಬಾಂಡು, ಪಾಸ್‌ಬುಕ್ಕು ಹೀಗೆ ಕೂಡುಕುಟುಂಬದ ಆಸ್ತಿ ಏನಿದೆಯೋ ಅದೆಲ್ಲ ಅಲ್ಲಿ. ದಾಂಪತ್ಯದಲ್ಲಿ ಸಮಾನತೆ ಅಂದರೆ ಇದೇ ಎಂದು ಆಚಾರ್ರಿಗೆ ವಿವರಿಸಿದೆ. ಆ ಮಾತು ಹೆಂಡತಿಗೂ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.

"ಒಂದು ಪಕ್ಕಕ್ಕೆ ತಳ್ಳಿ ಮೇಷ್ಟ್ರೇ. ನಡುವೆ ಬ್ಯಾಡ" ಅಂದರು.

ಯಾಕೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಪಕ್ಕಕ್ಕೆ ತಳ್ಳಿದರೆ ಅದು ಯಾರ ಪಕ್ಕ ಅನ್ನುವ ಪ್ರಶ್ನೆ ಬರುತ್ತದೆ, ಅದು ನಿಮಗೆ ಅರ್ಥವಾಗುವುದಿಲ್ಲ ಅಂತ ನಕ್ಕೆ. ಆಚಾರ್ರು ಅಡಿಕೆಯನ್ನು ಎಡದವಡೆಯಿಂದ ಬಲದವಡೆಗೆ ದಾಟಿಸಿ ಸುಮ್ಮನಾದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು. ಅದನ್ನು ನಾನು ಗಮನಿಸಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಮೊದಲು ಗೂಡು ತಯಾರಾಯಿತು. 18 ಮಿಲಿಮೀಟರ್ ಪ್ಲೈವುಡ್ಡು, 6 ಅಡಿ ಅಗಲ, 7 ಅಡಿ ಎತ್ತರ. ಡ್ರಾಯರೂ ಕೂತಿತು. ಬಾಗಿಲು ಬರಲು ಇನ್ನೂ ಒಂದು ವಾರ. ಆ ಒಂದು ವಾರ ಡ್ರಾಯರು ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ ಬಂತು, ಹೋಯಿತು. ದಿನಕ್ಕೆ ಹತ್ತು ಸಲ ಸುಮ್ಮಸುಮ್ಮನೆ ಎಳೆದು ಮುಚ್ಚಿದೆ. ಹೆಂಡತಿ ತನ್ನ ಅವಲಕ್ಕಿ ಸರದ ಡಬ್ಬಿ ತಂದು ಅದರಲ್ಲಿಟ್ಟಳು. ಬಾಗಿಲಿನ ಚಕ್ರ, ಹಳಿಗಳ ಪೆಟ್ಟಿಗೆ ಬಂತು. ಅದರೊಳಗೆ ಐದು ವರ್ಷದ ಗ್ಯಾರಂಟಿ ಕಾರ್ಡು, ಬಾಗಿಲು ಕೂರಿಸುವ ಮತ್ತು ಬಿಚ್ಚುವ ವಿಧಾನದ ಚೀಟಿ, ಒಂದು ಆಲನ್ ಕೀ ಇತ್ತು. ಮುಖ್ಯವಾದ ವಸ್ತುಗಳು ಅಂತ ಅವನ್ನೂ ಜೋಪಾನವಾಗಿ ಡ್ರಾಯರಿನಲ್ಲಿಟ್ಟೆ.

ಮಾರನೆಯ ದಿನ ಬಾಗಿಲು ಕೂರಿಸಿದರು.

ಎರಡು ಬಾಗಿಲು, ಒಂದೊಂದೂ 3 ಅಡಿ ಅಗಲ. ಮುಂದಿನ ಹಳಿಯದಕ್ಕೆ ಮೇಲಿಂದ ಕೆಳಗಿನವರೆಗೆ ಕನ್ನಡಿ. ಆ ಕನ್ನಡಿಯೂ ನನ್ನದೇ ಐಡಿಯಾ. ಕೋಣೆ ದೊಡ್ಡದಾಗಿ ಕಾಣುತ್ತದೆ ಅಂತ. ಆಚಾರ್ರು ಎಡದ ಬಾಗಿಲನ್ನು ಬಲಕ್ಕೆ ತಳ್ಳಿ ತೋರಿಸಿದರು, ಬಲದ್ದನ್ನು ಎಡಕ್ಕೆ ತಳ್ಳಿ ತೋರಿಸಿದರು. ಕೊನೆಯಲ್ಲಿ ತಾನಾಗಿಯೇ ಮೆಲ್ಲಗೆ ಹೋಗಿ ಮುಚ್ಚಿಕೊಳ್ಳುವ ಸಾಫ್ಟ್ ಕ್ಲೋಸು. ಭಾರಿ ಖುಷಿಯಾಗಿ, "ಈಗ ಡ್ರಾಯರು" ಅಂದೆ.

ಆಚಾರ್ರು ಕಿವಿಯಿಂದ ಪೆನ್ಸಿಲ್ಲು ತೆಗೆದು ಜೇಬಿಗೆ ಹಾಕಿಕೊಂಡರು. ಕೆಲಸ ಮುಗಿಯಿತು ಅನ್ನುವ ಅರ್ಥ.

ಎಡದ ಬಾಗಿಲು ತೆರೆದರೆ ಡ್ರಾಯರಿನ ಎಡ ಅರ್ಧ ಕಾಣಿಸಿತು. ಬಲ ಅರ್ಧದ ಮುಂದೆ ಎರಡೂ ಬಾಗಿಲು ಜೋಡಿಯಾಗಿ ನಿಂತಿದ್ದವು. ಬಲದ್ದು ತೆರೆದರೆ ಬಲ ಅರ್ಧ ಕಾಣಿಸಿತು, ಎಡಕ್ಕೆ ಜೋಡಿ ಕಾವಲು. ಎಳೆದರೆ ಎರಡು ಬೆರಳಿನಷ್ಟು ಬಂದು ಬಾಗಿಲಿಗೆ ಢಿಕ್ಕಿ ಹೊಡೆದು ನಿಲ್ಲುತ್ತದೆ. ಎರಡನ್ನೂ ನಡುವೆ ತಂದೆ, ಆ ಕೊನೆಗೆ ಈ ಕೊನೆಗೆ ಓಡಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

"ಹೇಳಿದ್ದೆನಲ್ಲ ಮೇಷ್ಟ್ರೇ" ಅಂತ ಆಚಾರ್ರು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು. ಅವರು ಸುಮ್ಮನೆ ಕೈ ತೊಳೆದುಕೊಂಡು ಬಂದು, "ಬಿಚ್ಚಿ ಪಕ್ಕಕ್ಕೆ ಹಾಕ್ಲಾ?" ಅಂದರು. ಒಂದು ದಿನದ ಕೂಲಿ. ನಾನು ಮೀಸೆ ಮಣ್ಣಾಗಲಿಲ್ಲ ಅನ್ನುವವರ ಪೈಕಿ. "ಬೇಡ ಬಿಡಿ, ಇದು ಒಂದು ಥರಾ ಸೇಫ್ಟಿ. ಕಳ್ಳ ಬಂದರೂ ತೆಗೆಯೋಕಾಗಲ್ಲ" ಅಂದೆ. ಹೆಂಡತಿ ನಿಟ್ಟುಸಿರು ಬಿಟ್ಟು, "ಕಳ್ಳನಿಗೆ ಗಣಿತ ಬಂದ್ರೆ ತೆಗೀತಾನೆ" ಅಂದಳು. "ಮುಂದಿನ ಭಾನುವಾರ ನಾನೇ ಸರಿಮಾಡ್ತೀನಿ" ಅಂದೆ. ಅದು ನವೆಂಬರಿನ ಮಾತು.

ಡ್ರಾಯರಿನ ಕಥೆ ಹಾಗಿರಲಿ. ಈ ಬಾಗಿಲುಗಳ ಜೊತೆ ಸಂಸಾರ ಹೇಗಿರುತ್ತದೆ ಎಂದು ಗೊತ್ತಾಗಬೇಕಾದರೆ ನೀವು ನಮ್ಮ ಕೆಂಪು ಬಸ್ಸಿನ ಕಿಟಕಿ ಪಕ್ಕ ಕೂತಿರಬೇಕು. ಒಂದೇ ಚೌಕಟ್ಟಿನಲ್ಲಿ ಎರಡು ಗಾಜು, ಒಂದರ ಹಿಂದೊಂದು ಜಾರುತ್ತವೆ. ಮುಂದಿನ ಸೀಟಿನವನು ಗಾಳಿ ಬರಲಿ ಅಂತ ತನ್ನ ಗಾಜು ಹಿಂದಕ್ಕೆ ತಳ್ಳುತ್ತಾನೆ. ಹಿಂದಿನವನ ಗಾಳಿ ನಿಂತುಹೋಗುತ್ತದೆ. ಅವನು ಮುಂದಕ್ಕೆ ತಳ್ಳುತ್ತಾನೆ. ಇವನು ತಿರುಗಿ ನೋಡುತ್ತಾನೆ. ಬೆಂಗಳೂರಲ್ಲಿ ಶುರುವಾದ ಈ ತಳ್ಳಾಟ ಹಾಸನ ಬಂದರೂ ಮುಗಿಯುವುದಿಲ್ಲ. ಒಬ್ಬನಿಗೆ ತೆರೆದದ್ದು ಇನ್ನೊಬ್ಬನಿಗೆ ಮುಚ್ಚಿದ್ದು, ಆ ಚೌಕಟ್ಟಿನ ಕಾನೂನೇ ಅಷ್ಟು. ವ್ಯತ್ಯಾಸವೇನೆಂದರೆ ಬಸ್ಸಿನಲ್ಲಿ ಹಾಸನಕ್ಕೆ ಇಳಿದುಬಿಡಬಹುದು.

ಬೆಳಿಗ್ಗೆ ಏಳೂಮುಕ್ಕಾಲು. ನನಗೆ ಎಂಟೂವರೆಗೆ ಮೊದಲನೇ ಪೀರಿಯಡ್ಡು, ಅವಳಿಗೆ ಎಂಟೂಕಾಲಿಗೆ ಬಸ್ಸು. ನಾನು ಎಡದ ಬಾಗಿಲು ತೆರೆದು ಶರಟು ಹುಡುಕುತ್ತಿರುತ್ತೇನೆ, ಅವಳು ಬಂದು ಬಲದ ಬಾಗಿಲು ತಳ್ಳುತ್ತಾಳೆ. ಎರಡೂ ಬಾಗಿಲು ಬಂದು ನನ್ನ ಮೊಣಕೈ ಮೇಲೆ ಸೇರುತ್ತವೆ. "ರೀ, ಒಂದು ನಿಮಿಷ" ಅನ್ನುತ್ತಾಳೆ. ಸೀರೆಗೆ ಹೊಂದುವ ರವಿಕೆ ಹುಡುಕುವುದಕ್ಕೆ ಹಿಡಿಯುವ ಒಂದು ನಿಮಿಷದಲ್ಲಿ ನಾನು ಮಕ್ಕಳಿಗೆ ಪೈಥಾಗೊರಸ್ ಪ್ರಮೇಯವನ್ನು ಸಾಧಿಸಿ ತೋರಿಸಬಲ್ಲೆ. ಹೀಗೆ ಬನಿಯನ್ನಿನಲ್ಲಿ ನಿಂತು ಕಾದು ಕಾದು, ಕೊನೆಗೆ ರಾತ್ರಿಯೇ ಶರಟು ಪ್ಯಾಂಟು ತೆಗೆದು ಹಾಲಿನ ಕುರ್ಚಿಯ ಮೇಲೆ ಹಾಕಿಕೊಳ್ಳುವ ಪದ್ಧತಿ ಬಂತು. ಕ್ರಮೇಣ ನನ್ನ ಬಟ್ಟೆಗಳೆಲ್ಲ ಕುರ್ಚಿಗೇ ವಲಸೆ ಬಂದವು. ಸಂಕ್ರಾಂತಿಗೆ ಬಂದ ಭಾವಮೈದ ಆ ಕುರ್ಚಿ ನೋಡಿ, "ಭಾವ, ವಾರ್ಡ್‌ರೋಬು ಮಾಡಿಸಿಲ್ವಾ?" ಅಂತ ಕೇಳಿದ.

ನಮ್ಮ ಊರಿನ ಹಳೆ ಮನೆಯಲ್ಲಿ ಇಂಥ ರಗಳೆ ಇರಲಿಲ್ಲ. ಬಾಗಿಲಿನ ಅಂಚಿನ ಮರದ ಗೂಟವೇ ಕೀಲು. ಅದು ಹೊಸ್ತಿಲಿನ ಕುಳಿಯಲ್ಲಿ ಕೂತು ಕಿರ್ರ್ ಎಂದು ತಿರುಗುತ್ತಿತ್ತು. ಬಟ್ಟೆಗೆ ಗೋಡೆಯ ಗೂಡು, ಇಲ್ಲವೇ ಟ್ರಂಕು, ಆಮೇಲೆ ಒಂದು ಕಬ್ಬಿಣದ ಬೀರು. ಬೀರುವಿನ ಎರಡು ಬಾಗಿಲೂ ಒಟ್ಟಿಗೇ ಬಾಯಿ ಬಿಡುತ್ತಿದ್ದವು, ಒಳಗಿರುವುದೆಲ್ಲ ಒಂದೇ ನೋಟಕ್ಕೆ. ನನ್ನ ಹೊಸ ವಾರ್ಡ್‌ರೋಬನ್ನು ನೋಡಿದ ದೊಡ್ಡಮ್ಮನಿಗೆ ಅರ್ಥವಾಗದೇ ಹೋದದ್ದೂ ಅದೇ. ಅವಳು ಮೊದಲು ಬಾಗಿಲನ್ನು ತನ್ನ ಕಡೆಗೆ ಎಳೆದಳು, ಬರಲಿಲ್ಲ. ಒಳಕ್ಕೆ ನೂಕಿದಳು, ಹೋಗಲಿಲ್ಲ. ನಾನು ಪಕ್ಕಕ್ಕೆ ಜಾರಿಸಿ ತೋರಿಸಿದೆ. ಇನ್ನೊಂದನ್ನೂ ಜಾರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಅಲ್ವೋ, ಅರ್ಧ ಯಾವಾಗ್ಲೂ ಮುಚ್ಚೇ ಇರೋದಾದ್ರೆ ಎರಡು ಬಾಗಿಲಿನ ದುಡ್ಡು ಯಾಕೋ ಕೊಟ್ಟೆ?" ಅಂದಳು. ಇದಕ್ಕೆ ಉತ್ತರ ನನಗೆ ಇವತ್ತಿಗೂ ಸಿಕ್ಕಿಲ್ಲ.

ಜಪಾನಿನವರು ಈ ಥರದ ಬಾಗಿಲನ್ನು ಶತಮಾನಗಳಿಂದ ಬಳಸುತ್ತಿದ್ದಾರೆ, ಫುಸುಮ ಅನ್ನುತ್ತಾರೆ, ಎಂದು ದೊಡ್ಡಮ್ಮನಿಗೆ ಹೇಳಿ ಮಾನ ಉಳಿಸಿಕೊಳ್ಳಲು ನೋಡಿದೆ. ಅದು ನಿಜವೇ. ಆದರೆ ಪೂರ್ತಿ ನಿಜ ಹೇಳಲಿಲ್ಲ. ಅವರದ್ದು ಮರದ ಕಡ್ಡಿಗಳ ಚೌಕಟ್ಟಿಗೆ ಕಾಗದ ಅಂಟಿಸಿದ್ದು, ಹಗುರ. ಮೇಲಿನ ತೋಡು ಆಳ, ಕೆಳಗಿನದು ಅಷ್ಟಿಲ್ಲ. ಬೇಡ ಅನ್ನಿಸಿದಾಗ ಬಾಗಿಲನ್ನು ಮೇಲಕ್ಕೆತ್ತಿ, ಕೆಳ ಅಂಚನ್ನು ಈಚೆಗೆ ತಂದರೆ ಇಡೀ ಬಾಗಿಲೇ ಕೈಗೆ ಬರುತ್ತದೆ. ಎರಡು ಕೋಣೆ ಸೇರಿ ಒಂದು ದೊಡ್ಡ ಹಜಾರವಾಗುತ್ತದೆ. ಸ್ಟೇಷನರಿ ಅಂಗಡಿಯ ಶೋಕೇಸಿನ ಗಾಜು ತೆಗೆಯುವುದೂ ಹೀಗೆಯೇ. ಈ ಎತ್ತಿ ಎಳೆಯುವ ಉಪಾಯ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಕಾಗದ ಅನ್ನುವುದು ಮಾತ್ರ ಮರೆತುಹೋಯಿತು.

ಸಂಕ್ರಾಂತಿಗೂ ಮುಂಚಿನ ಮಾತು, ಡಿಸೆಂಬರ್ ಬಂತು. ಬಾಗಿಲು ಬಿಗಿಯಾಯಿತು. ಕೆಳಗಿನ ಹಳಿಯೊಳಗೆ ಬಗ್ಗಿ ನೋಡಿದರೆ ಒಂದು ಪುಟ್ಟ ವಸ್ತುಸಂಗ್ರಹಾಲಯ: ಹೇರ್‌ಪಿನ್ನು, ಪಿನ್ನು, ಶರಟಿನ ಗುಂಡಿ, ಒಂದು ರೂಪಾಯಿ ನಾಣ್ಯ, ನುಸಿಗುಳಿಗೆಯ ಚೂರು, ಗೃಹಪ್ರವೇಶದ ಅಕ್ಷತೆ. ಗುಡಿಸಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕಿರುಗುಟ್ಟುವ ಯಾವುದಕ್ಕೂ ಎಣ್ಣೆ ಬಿಡಬೇಕು ಅನ್ನುವ ಸಂಸ್ಕಾರದಲ್ಲಿ ಬೆಳೆದವನು ನಾನು. ಬಚ್ಚಲುಮನೆಯಿಂದ ಕೊಬ್ಬರಿ ಎಣ್ಣೆ ತಂದು ಹಳಿಯುದ್ದಕ್ಕೂ ಧಾರಾಳವಾಗಿ ಸುರಿದೆ. ಆ ಮಧ್ಯಾಹ್ನ ಬಾಗಿಲು ಹಾರಿತು ಅನ್ನಿ. ಒಂದು ಬೆರಳಿನಿಂದ ತಳ್ಳಿದರೆ ಆ ಕೊನೆ ಮುಟ್ಟುತ್ತಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಚಳಿಗಾಲದಲ್ಲಿ ಶೀಶೆಯನ್ನು ಬಿಸಿನೀರಿನ ಚೊಂಬಿನಲ್ಲಿ ಮುಳುಗಿಸಿಟ್ಟುಕೊಂಡೇ ಬೆಳೆದವರಲ್ಲವೇ ನಾವು! ಆದರೆ ತಲೆಯ ಎಣ್ಣೆಗೂ ಬಾಗಿಲಿನ ಎಣ್ಣೆಗೂ ಸಂಬಂಧ ಕಲ್ಪಿಸುವಷ್ಟು ಬುದ್ಧಿ ಆ ಹೊತ್ತಿಗೆ ಓಡಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹಳಿಯ ತುಂಬ ಬೆಳ್ಳಗೆ ಹೆಪ್ಪುಗಟ್ಟಿದೆ, ಚಕ್ರಗಳು ಬೆಣ್ಣೆಯಲ್ಲಿ ಹೂತ ಹಾಗೆ ಹೂತಿವೆ. ಏಳೂಮುಕ್ಕಾಲಿಗೆ ಹೆಂಡತಿ ಬಂದು ಬಾಗಿಲು ತಳ್ಳಿದಳು. ಅದು ಕದಲಲಿಲ್ಲ. ಅವಳ ತಲೆಗೂದಲು ಒಣಗಿಸುವ ಯಂತ್ರದಿಂದ ನಾನು ಮಂಡಿಯೂರಿ ಕೂತು ವಾರ್ಡ್‌ರೋಬಿನ ಪಾದಕ್ಕೆ ಬಿಸಿಗಾಳಿ ಬಿಟ್ಟೆ. ಎಂಟೂಕಾಲಿನ ಬಸ್ಸು ಹೋಯಿತು. ನನ್ನ ಮೊದಲನೇ ಪೀರಿಯಡ್ಡೂ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಇರುವೆಗಳು ಬಂದವು. ವಾರದೊಳಗೆ ಎಣ್ಣೆಗೆ ಧೂಳು ಸೇರಿ ಅಂಟು ಅಂಟಾದ ಕರಿ ಲೇಹ್ಯವಾಯಿತು. ಅದನ್ನು ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ ತೆಗೆಯಲು ಎರಡು ಭಾನುವಾರ ಬೇಕಾದವು. ಹಳಿಗೆ ಎಣ್ಣೆ ಬಿಡಬಾರದು, ಒಣಗಿಸಿಡಬೇಕು, ಬಿಡಲೇಬೇಕಿದ್ದರೆ ಸಿಲಿಕೋನ್ ಸ್ಪ್ರೇ ಅಂತ ಆಮೇಲೆ ಆಚಾರ್ರು ಫೋನಿನಲ್ಲಿ ಹೇಳಿದರು. ಡ್ರಾಯರು ಸರಿಮಾಡಬೇಕಿದ್ದ ಭಾನುವಾರಗಳು ಹೀಗೆ ಹೋದವು.

ಫೆಬ್ರವರಿಯಲ್ಲಿ ತುಮಕೂರಿನಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ. ಹಿಂದಿನ ರಾತ್ರಿ ಊಟ ಮಾಡುವಾಗ ಹೆಂಡತಿ ಮಜ್ಜಿಗೆ ಬಡಿಸುತ್ತ, "ನಾಳೆ ಅವಲಕ್ಕಿ ಸರ ಹಾಕ್ಕೋತೀನಿ" ಅಂದಳು. ಮಜ್ಜಿಗೆ ನನಗೆ ನೆತ್ತಿಗೇರಿತು. ಸರ ಇರುವುದು ಡ್ರಾಯರಿನಲ್ಲಿ. ಮೂರು ತಿಂಗಳಿಂದ "ಮುಂದಿನ ಭಾನುವಾರ" ಅನ್ನುತ್ತಿರುವುದು ನಾನು. ಅವಳು ಬೇರೇನೂ ಹೇಳಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

ಬೆಳಿಗ್ಗೆ ಆರಕ್ಕೆ ಅವಳು ಸ್ನಾನ ಮುಗಿಸಿ, ಮಗನನ್ನು ಕರೆದುಕೊಂಡು ಹೂವು ತರಲು ಮಾರ್ಕೆಟ್ಟಿಗೆ ಹೊರಟಳು. ನಿಶ್ಚಿತಾರ್ಥಕ್ಕೆಂದು ಊರಿಂದ ಬಂದಿದ್ದ ದೊಡ್ಡಮ್ಮ ಹಾಲಿನಲ್ಲಿ ವಿಷ್ಣುಸಹಸ್ರನಾಮ ಹೇಳುತ್ತಿದ್ದಳು. ಅವರು ಬರುವುದರೊಳಗೆ ಸರ ತೆಗೆದು ದೇವರ ಮುಂದೆ ಇಟ್ಟುಬಿಟ್ಟರೆ? ಹೆಂಡತಿ ಒಳಗೆ ಬಂದು ನೋಡಿ, ಒಂದು ಸಲ ನನ್ನ ಕಡೆ ತಿರುಗಿ ನೋಡಿದರೆ? ಉತ್ತರಕುಮಾರನೂ ಒಲೆಯ ಮುಂದೆ ಕೂತು ಇಂಥದ್ದೇ ದೃಶ್ಯಗಳನ್ನು ಕಂಡಿರಬೇಕು.

ಮೊದಲು ಅಡುಗೆಮನೆಯ ಇಕ್ಕಳ ತಂದು ಡ್ರಾಯರಿನ ಎರಡು ಬೆರಳಿನ ಸಂದಿಯಲ್ಲಿ ಇಳಿಬಿಟ್ಟೆ. ಒಂದು ಡಬ್ಬಿ ತಗುಲಿತು. ಹಿಡಿತಕ್ಕೂ ಬಂತು. ಸಂದಿಯಿಂದ ಮಾತ್ರ ಹೊರಗೆ ಬರಲಿಲ್ಲ. ಆದರೆ ಡಬ್ಬಿ ಇದೆ, ಅಷ್ಟು ಖಾತ್ರಿಯಾಯಿತು. ಇನ್ನು ಬಾಗಿಲು ಬಿಚ್ಚುವುದೇ. ಬಿಚ್ಚುವ ವಿಧಾನದ ಚೀಟಿ ಡ್ರಾಯರಿನಲ್ಲಿದೆ, ಆಲನ್ ಕೀಯೂ ಡ್ರಾಯರಿನಲ್ಲಿದೆ ಅಂತ ನೆನಪಾದಾಗ ನಗು ಬರಬೇಕಿತ್ತು. ಬರಲಿಲ್ಲ. ಮಗನ ಸೈಕಲ್ಲಿನ ಕಿಟ್ಟಿನಿಂದ ಒಂದು ಕೀ ತಂದೆ, ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಅದರಲ್ಲಿ ಟೀ ಶರ್ಟು ತೊಟ್ಟ ಹುಡುಗನೊಬ್ಬ ನಗುನಗುತ್ತ ಬಾಗಿಲನ್ನು ಎತ್ತಿ, ಕೆಳಗೆ ಈಚೆಗೆ ಎಳೆದು, ಪಕ್ಕಕ್ಕೆ ಇಟ್ಟ. ಇಪ್ಪತ್ತು ಸೆಕೆಂಡು. ಅವನ ಹಿಂದೆ ಮಂಚ ಇರಲಿಲ್ಲ, ಅವನ ಬಾಗಿಲಿಗೆ ಕನ್ನಡಿಯೂ ಇರಲಿಲ್ಲ. ಅವನ ಸೊಂಟದ ವಯಸ್ಸೂ ನನ್ನದರ ಅರ್ಧ.

ಮುಂದಿನ ಹಳಿಯ ಬಾಗಿಲನ್ನೇ ಮೊದಲು ತೆಗೆಯಬೇಕು. ಹಿಂದಿನದಕ್ಕೆ ಅದು ಅಡ್ಡ. ಅಂದರೆ ಕನ್ನಡಿಯದು. ಈಗ ಕೂತು ಲೆಕ್ಕ ಹಾಕಿದ್ದೇನೆ, ಕೇಳಿ. ಗಾಜು ಒಂದು ಮಿಲಿಮೀಟರ್ ದಪ್ಪಕ್ಕೆ, ಒಂದು ಚದರ ಮೀಟರಿಗೆ ಎರಡೂವರೆ ಕಿಲೋ ತೂಗುತ್ತದೆ. ನಮ್ಮದು 5 ಮಿಲಿಮೀಟರ್. 3 ಅಡಿಗೆ 7 ಅಡಿ ಅಂದರೆ ಹತ್ತಿರ ಹತ್ತಿರ 2 ಚದರ ಮೀಟರ್. ಕನ್ನಡಿ ಒಂದೇ 24 ಕಿಲೋ. ಅದರ ಬೆನ್ನಿಗಿರುವ ಪ್ಲೈವುಡ್ಡು ಹೆಚ್ಚುಕಮ್ಮಿ ಅಷ್ಟೇ. ಒಟ್ಟಿನಲ್ಲಿ ಅಕ್ಕಿಯ ಎರಡು ದೊಡ್ಡ ಚೀಲ, ನಿಂತುಕೊಂಡಿವೆ. ಈ ಲೆಕ್ಕವನ್ನು ಬಾಗಿಲು ಎತ್ತುವ ಮೊದಲು ಹಾಕಬೇಕಿತ್ತು ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ.

15 ಅಂಗುಲದ ಓಣಿಯಲ್ಲಿ, ಮಂಚಕ್ಕೆ ಬೆನ್ನು ಕೊಟ್ಟು, ಕನ್ನಡಿಗೆ ಮುಖ ಕೊಟ್ಟು ನಿಂತೆ. ಚಕ್ರದ ಪಕ್ಕದ ಕ್ಲಿಪ್ಪು ಬಿಚ್ಚಿದೆ, ಸ್ಕ್ರೂ ಸಡಿಲಿಸಿದೆ. ಎರಡೂ ಕೈ ಅಗಲಿಸಿ ಬಾಗಿಲನ್ನು ತಬ್ಬಿದೆ. "ಜೈ ಆಂಜನೇಯ" ಅಂದೆ. ಎತ್ತಿದೆ. ಅದು ಎದ್ದಿತು! ಕೆಳ ಅಂಚು ಹಳಿ ಬಿಟ್ಟು ಈಚೆಗೆ ಬಂದು ನನ್ನ ಎಡಗಾಲಿನ ಹೆಬ್ಬೆರಳ ಪಕ್ಕ ಕೂತಿತು. ಮೇಲಿನ ಅಂಚೂ ಹಳಿಯಿಂದ ಜಾರಿತು. ವಿಡಿಯೋದ ಪ್ರಕಾರ ಇನ್ನು ಪಕ್ಕಕ್ಕೆ ಇಡಬೇಕು.

ಪಕ್ಕ ಅನ್ನುವುದೇ ಇರಲಿಲ್ಲ. ಬಲಕ್ಕೆ ಗೋಡೆ, ಎಡಕ್ಕೆ ಕಿಟಕಿಯ ಪರದೆ, ಹಿಂದೆ ಮಂಚ, ಮುಂದೆ ಬಾಗಿಲು ಇಲ್ಲದ ಗೂಡು. ತಿರುಗಿಸಲು ಜಾಗವಿಲ್ಲ, ಮಲಗಿಸಲು ಜಾಗವಿಲ್ಲ, ಮತ್ತೆ ಹಳಿಗೆ ಏರಿಸಲು ಶಕ್ತಿಯಿಲ್ಲ. ಕನ್ನಡಿಯಲ್ಲಿ ಬೆವರು ಸುರಿಸುತ್ತಿದ್ದ ನಡುವಯಸ್ಸಿನವನೊಬ್ಬ ನನ್ನನ್ನು ತಬ್ಬಿಕೊಂಡು, ಈಗೇನು ಮಾಡೋಣ ಎಂಬಂತೆ ನೋಡುತ್ತಿದ್ದ. ಮಂಚದ ಮೇಲೆ ಮೊಬೈಲು ಬಡಿದುಕೊಳ್ಳತೊಡಗಿತು. ಹೆಂಡತಿಯದೇ ಕರೆ, ಅವಳಿಗೆ ಇಟ್ಟ ರಿಂಗ್‌ಟೋನು ಬೇರೆ. ಕತ್ತು ಸ್ವಲ್ಪ ತಿರುಗಿಸಿದೆ.

ಅಷ್ಟು ಸಾಕಾಯಿತು. ಮೊಣಕಾಲ ಹಿಂಭಾಗ ಮಂಚದ ಅಂಚಿಗೆ ತಗುಲಿತು, ಕೂತೆ, ಕೂತವನು ಅಂಗಾತ ಬಿದ್ದೆ. ಬಾಗಿಲು ನನ್ನನ್ನು ಬಿಡಲಿಲ್ಲ. ಮೆಲ್ಲಗೆ, ಸಾಫ್ಟ್ ಕ್ಲೋಸ್ ಅಂತಾರಲ್ಲ ಹಾಗೆ, ನನ್ನ ಮೇಲೆ ಬಂದು ಮುಚ್ಚಿಕೊಂಡಿತು.

ಕನ್ನಡಿ ಒಡೆಯಲಿಲ್ಲ. ಅದಕ್ಕೆ ಕಾರಣ ನನ್ನ ಹೊಟ್ಟೆ. ಹತ್ತು ವರ್ಷದಿಂದ ಡಾಕ್ಟರು, ಹೆಂಡತಿ, ಸಹೋದ್ಯೋಗಿಗಳು ಎಲ್ಲರೂ ಕರಗಿಸು ಕರಗಿಸು ಎಂದು ಬೈದ ಹೊಟ್ಟೆ ಅವತ್ತು ಹಾಸಿಗೆಯ ಹಾಗೆ ನಿಂತು ಆ ಕನ್ನಡಿಯನ್ನು ಕಾಪಾಡಿತು. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಅಂತ ಕೇಳಿದ್ದೆ, ಅವತ್ತು ಮಾಡಿ ನೋಡಿದೆ. ಮೂಗಿಗೂ ಗಾಜಿಗೂ ಎರಡಂಗುಲ. ಉಸಿರು ಬಿಟ್ಟರೆ ಎದುರಿನ ಮುಖ ಮಸುಕಾಗುತ್ತದೆ, ಎಳೆದರೆ ಮತ್ತೆ ಸ್ಪಷ್ಟವಾಗುತ್ತದೆ. ಇಷ್ಟು ಹತ್ತಿರದಿಂದ ನನ್ನನ್ನು ನಾನು ನೋಡಿಕೊಂಡಿರಲಿಲ್ಲ. ನೋಡದೇ ಇದ್ದದ್ದು ಒಳ್ಳೆಯದೇ ಆಗಿತ್ತು.

ಹಾಲಿನಲ್ಲಿ ಸಹಸ್ರನಾಮ ನಿಂತಿತು. "ಏನೋ ಅದು ಸದ್ದು?" ಅಂತ ದೊಡ್ಡಮ್ಮ ಒಳಗೆ ಬಂದಳು. ಅವಳಿಗೆ ಕಂಡದ್ದು ಮಂಚದ ಮೇಲೆ ಅಗಲವಾದ ಒಂದು ಹಲಗೆ. ನನ್ನ ಕಾಲು ಈಚೆ ಓಣಿಯಲ್ಲಿ, ಅವಳ ಕಣ್ಣಿಗೆ ಮರೆ. "ಎಲ್ಲಿದೀಯೋ?" ಅಂದಳು. ನಾನು "ಇಲ್ಲಿ" ಅಂದೆ. ಗಾಜಿಗೆ ಬಡಿದು ಅದು "ಹ್ಞಂ" ಅಂತ ಕೇಳಿಸಿರಬೇಕು, ಅವಳ ಕಿವಿಯೂ ಮೊದಲಿನಂತಿಲ್ಲ. ಬಚ್ಚಲ ಕಡೆ ಇಣುಕಿ ಬಂದಳು. ಕೈಯಲ್ಲಿ ಇಸ್ತ್ರಿ ಮಾಡಿ ತಂದ ನನ್ನ ಪಂಚೆ ಶಲ್ಯ ಇತ್ತು. ಅದನ್ನು ಸುಕ್ಕಾಗದ ಹಾಗೆ ಹಲಗೆಯ ಮೇಲೆ, ಸರಿಯಾಗಿ ನನ್ನ ಎದೆಯ ಭಾಗದಲ್ಲಿ, ಇಟ್ಟು ಹೋದಳು. ಹೋಗುವಾಗ ಫ್ಯಾನು ಆರಿಸಿದಳು.

ಹೆಂಡತಿ ಬಂದದ್ದು ಹದಿನೈದು ನಿಮಿಷದ ಮೇಲೆ. "ಇವರೆಲ್ಲಿ ದೊಡ್ಡಮ್ಮ?"

"ಕಾಣ್ಲಿಲ್ಲಮ್ಮ. ಒಳಗೆ ಬಾಗಿಲು ಮಲ್ಕೊಂಡಿದೆ."

ಹೆಂಡತಿ ಕೋಣೆಗೆ ಬಂದಳು. ಸ್ವಲ್ಪ ಹೊತ್ತು ಏನೂ ಸದ್ದಿಲ್ಲ. ಆಮೇಲೆ ನನ್ನ ಕಾಲು ಕಂಡಿರಬೇಕು. ಅವಳು ಕಿರುಚಲಿಲ್ಲ. "ರೀ," ಅಂದಳು, ಬಹಳ ಶಾಂತವಾಗಿ, "ಉಸಿರಾಡ್ತಿದೀರಾ?" ಆಡುತ್ತಿದ್ದೇನೆ ಎಂದು ಖಾತ್ರಿಯಾದ ಮೇಲೆ ಶುರುವಾದ ಮಾತುಗಳು ಇಲ್ಲಿ ಬೇಡ. ಮಗ ಹೋಗಿ ವಾಚ್‌ಮನ್ನನ್ನೂ ಇಸ್ತ್ರಿ ಅಂಗಡಿಯವನನ್ನೂ ಕರೆತಂದ. ಮೂವರೂ ಸೇರಿ ಬಾಗಿಲನ್ನು ಎತ್ತಿದರು. ಬಗ್ಗಿದ ಕನ್ನಡಕದೊಳಗಿಂದ ನನಗೆ ಮೊದಲು ಕಂಡದ್ದು ಹೆಂಡತಿಯ ಕೊರಳಲ್ಲಿ ಹೊಳೆಯುತ್ತಿದ್ದ ಅವಲಕ್ಕಿ ಸರ.

"ಇದು... ಎಲ್ಲಿಂದ?" ಅಂದೆ.

"ಬೀರುವಿಂದ." ಮಗನ ಕೋಣೆಯಲ್ಲಿರುವ ಹಳೆ ಬೀರು. "ಬಾಗಿಲು ಕೂರಿಸೋ ದಿನ ಬೆಳಿಗ್ಗೇನೇ ತೆಗೆದಿಟ್ಟಿದ್ದೆ. ಆಚಾರ್ರು ನಡುವೆ ಬ್ಯಾಡ ಅಂದ್ರಲ್ಲ."

"ನಂಗೆ ಹೇಳ್ಲಿಲ್ಲ!"

"ನೀವು ಕೇಳ್ಲಿಲ್ಲ. ಸರಿಮಾಡ್ತೀನಿ ಅಂತಿದ್ರಲ್ಲ, ಮಾಡ್ಲಿ ಅಂತ ಸುಮ್ಮನಿದ್ದೆ."

ಹಾಗಾದರೆ ಇಕ್ಕಳಕ್ಕೆ ತಗುಲಿದ ಡಬ್ಬಿ? ಮಾನ ಹೋದದ್ದು ಹೋಯಿತು, ಬಾಗಿಲಂತೂ ಕಿತ್ತಾಗಿದೆ, ಡ್ರಾಯರನ್ನಾದರೂ ತೆಗೆದೇಬಿಡೋಣ ಎಂದು ಸೊಂಟ ಹಿಡಿದುಕೊಂಡು ಎದ್ದೆ. ಉಳಿದ ಒಂದು ಬಾಗಿಲನ್ನು ಎಡಕ್ಕೆ ಪೂರ್ತಿ ತಳ್ಳಿ ಡ್ರಾಯರು ಎಳೆದೆ. ಎರಡು ಬೆರಳು ಬಂದು ನಿಂತಿತು. ಬಲಕ್ಕೆ ಪೂರ್ತಿ ತಳ್ಳಿ ಎಳೆದೆ. ಎರಡು ಬೆರಳು.

ಮಗ ಒಂಬತ್ತನೇ ಕ್ಲಾಸು. ಹೂವಿನ ಚೀಲ ಹಿಡಿದು ನೋಡುತ್ತಿದ್ದವನು, "ಅಪ್ಪಾ, 6 ಅಡಿ ಜಾಗದಲ್ಲಿ 3 ಅಡಿ ಬಾಗಿಲು ಎಲ್ಲಿ ನಿಂತ್ರೂ ನಡುವಿನ ಪಾಯಿಂಟು ಅದರ ಕೆಳಗೇ ಬರತ್ತಲ್ಲ. ಎರಡು ಬೇಡ, ಒಂದೇ ಸಾಕು" ಅಂದ. ಗ್ರಾಫ್ ಹಾಳೆ ಬೇಕಾಗಲಿಲ್ಲ ಅವನಿಗೆ. ವಾಚ್‌ಮನ್ ಹೌದೌದು ಅಂತ ತಲೆ ಆಡಿಸಿದ.

ಎರಡನೆಯ ಬಾಗಿಲನ್ನೂ ಬಿಚ್ಚೋಣ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಸೈಕಲ್ಲಿನ ಕೀಯನ್ನು ನನ್ನ ಕೈಯಿಂದ ತೆಗೆದುಕೊಂಡು ಪರ್ಸಿಗೆ ಹಾಕಿದಳು. ಮುಹೂರ್ತ ಹತ್ತೂವರೆಗೆ, ತುಮಕೂರಿಗೆ ಎರಡು ಗಂಟೆ ದಾರಿ. ಮನೆಯ ಕೀ ವಾಚ್‌ಮನ್ ಕೈಗೆ ಕೊಟ್ಟು, ಆಚಾರ್ರಿಗೆ ಫೋನು ಮಾಡಿ ಹೊರಟೆವು. ನಿಶ್ಚಿತಾರ್ಥದಲ್ಲಿ ಎಲ್ಲರೂ ನನ್ನ ಕನ್ನಡಕ ಯಾಕೆ ಓರೆಯಾಗಿದೆ ಎಂದು ಕೇಳಿದರು. ದೊಡ್ಡಮ್ಮ ಎಲ್ಲರಿಗೂ ಹೇಳಿದಳು. ಹೋಳಿಗೆ ಬಡಿಸುವ ಅಡುಗೆಯವನಿಗೂ ಹೇಳಿದಳು.

ಸಂಜೆ ಬರುವ ಹೊತ್ತಿಗೆ ಆಚಾರ್ರು ಬಂದು ಕನ್ನಡಿಯ ಬಾಗಿಲನ್ನು ಹಳಿಗೆ ಕೂರಿಸಿ, ಕ್ಲಿಪ್ಪು ಬಿಗಿದು ಹೋಗಿದ್ದರು. ಡ್ರಾಯರನ್ನು ಮುಟ್ಟಿರಲಿಲ್ಲ, ಯಾರೂ ಹೇಳಿರಲಿಲ್ಲವಲ್ಲ. ಬಾಗಿಲು ಈಗ ಓಡಾಡುತ್ತದೆ. ಸಾಫ್ಟ್ ಕ್ಲೋಸ್ ಮಾತ್ರ ನನ್ನ ಮೇಲೆ ಬಿದ್ದಾಗಿನಿಂದ ಕೆಲಸ ಮಾಡುತ್ತಿಲ್ಲ. ಢಬ್ ಎಂದು ಬಡಿಯುತ್ತದೆ, ಪಕ್ಕದ ಫ್ಲ್ಯಾಟಿನವರು ಎರಡು ಸಲ ಬಂದು ಕೇಳಿದರು. ಐದು ವರ್ಷದ ಗ್ಯಾರಂಟಿ ಇದೆಯಲ್ಲ ಎಂದು ಚಕ್ರದ ಕಂಪನಿಗೆ ಫೋನು ಮಾಡಿದೆ. ಹುಡುಗ ಬಂದ. ಗ್ಯಾರಂಟಿ ಕಾರ್ಡು ಕೊಡಿ ಅಂದ.

ಕಾರ್ಡು ಡ್ರಾಯರಿನಲ್ಲಿದೆ. ಬಾಗಿಲು ಬಿಚ್ಚಿದರೆ ಕೊಡುತ್ತೇನೆ ಅಂದೆ. ಕಾರ್ಡು ನೋಡದೆ ಬಾಗಿಲು ಮುಟ್ಟುವ ಹಾಗಿಲ್ಲ ಸಾರ್, ರೂಲ್ಸು, ಅಂದ ಅವನು. ಆಚಾರ್ರು ಊರಿಗೆ ಹೋಗಿದ್ದಾರೆ, ಬರುವುದು ಯುಗಾದಿ ಕಳೆದ ಮೇಲೆ. ಅಲ್ಲಿಯವರೆಗೆ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಮೂತಿ ಸಣ್ಣಗಿರುವ, ಒಂದೂವರೆ ಅಡಿ ಉದ್ದದ ಇಕ್ಕಳ ಇದ್ದರೆ ದಯವಿಟ್ಟು ತಿಳಿಸಿ. ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.